ನಾನು ಜಾಹೀರಾತು-ಮುಕ್ತನಾದದ್ದು

ಚನ್ನಪಟ್ಟಣದ ಹಳೇ ಹೆದ್ದಾರಿಯಲ್ಲಿ ಗೊಂಬೆ ಅಂಗಡಿ ಇಟ್ಟಿರುವ ನಟರಾಜು ನಾನು. 'ಇಟ್ಟಿರುವ' ಎಂದೆ, 'ನಡೆಸುವ' ಎನ್ನಲಿಲ್ಲ, ಗಮನಿಸಿ. ಹೊಸ ಎಕ್ಸ್‌ಪ್ರೆಸ್ ರಸ್ತೆ ಊರನ್ನು ಬಳಸಿಕೊಂಡು ಹೋದ ಮೇಲೆ ಮೈಸೂರಿನ ಕಾರುಗಳು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಮೊದಲು ಅಂಗಡಿ ಮುಂದೆ ಕಾರು ನಿಲ್ಲಿಸಲು ಜಗಳವಾಗುತ್ತಿತ್ತು. ಈಗ ಅಲ್ಲಿ ಎರಡು ನಾಯಿಗಳು ಮಲಗುತ್ತವೆ, ಅವಕ್ಕೂ ಜಗಳವಾಡುವ ಉತ್ಸಾಹವಿಲ್ಲ.

ಈ ಹೊಟ್ಟೆಯುರಿ ಸಾಲದೆಂದು ಫೋನಿನ ಕಾಟ ಬೇರೆ. 'ಚನ್ನಪಟ್ಟಣದ ಗೊಂಬೆ' ಎಂದು ಹುಡುಕಿದರೆ ಮೊದಲು ಬರುವುದು ಪ್ಲಾಸ್ಟಿಕ್ ಡೈನೋಸಾರಿನ ಜಾಹೀರಾತು! ನನಗೆ ಪಿತ್ತ ನೆತ್ತಿಗೇರಿ, ಅದರ ಕೆಳಗಿನ ಯಾವ ಜಾಹೀರಾತನ್ನೂ ಓದದೆ ಬೆರಳಿನಿಂದ ತಳ್ಳಿಬಿಡುತ್ತಿದ್ದೆ. ಹೀಗಿರುವಾಗ, ತಿಂಗಳಿಗಿಷ್ಟು ಎಂದು ಕಟ್ಟಿದರೆ ಒಂದೂ ಜಾಹೀರಾತಿಲ್ಲದೆ ಹುಡುಕಿಕೊಡುವ ತಾಣವೊಂದಿದೆಯೆಂದು ತಿಳಿಯಿತು. ಆ ಕ್ಷಣವೇ ಚಂದಾದಾರನಾಗಿ ಧನ್ಯನಾದೆ.

"ಪುಕ್ಸಟ್ಟೆ ಸಿಗೋದ್ಕೆ ದುಡ್ಡು ಕಟ್ಟಿದ್ರಾ? ಹಂಗೇ ಉಸ್ರಾಡೋ ಗಾಳಿಗೂ ಒಂದ್ ರಸೀತಿ ಹರುಸ್ಕಂಡ್ ಬನ್ನಿ!" ಎಂದಳು ನನ್ನ ಧರ್ಮಪತ್ನಿ ಅಂಕಮ್ಮ.

"ನಿಂಗೇನ್ ಗೊತ್ತೇ? ಪುಕ್ಸಟ್ಟೆ ಕೊಡೋನು ಹಿಂದ್ಗಡೆಯಿಂದ ಜೇಬು ಕತ್ತರಿಸ್ತಾ ಇರ್ತಾನೆ."

"ನಿಮ್ ಜೇಬಲ್ಲಿ ಕತ್ತರ್ಸಾಕೆ ಏನೈತೆ?"

(ನಾನು ಜೇಬಿನ ಗುಂಡಿ ಹಾಕಿಕೊಂಡೆ.)

ಹಾಗೆ ನೋಡಿದರೆ ಮೂರು ತಿಂಗಳಿಂದ ವ್ಯಾಪಾರ ಒಸಿ ಚೇತರಿಸಿಕೊಂಡಿತ್ತು. ಭಾನುವಾರ ಮೂರು ನಾಲ್ಕು ಕಾರುಗಳು ಎಕ್ಸ್‌ಪ್ರೆಸ್ ರಸ್ತೆಯಿಂದ ಇಳಿದು ನಮ್ಮ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದವು. "ನೋಡ್ದಾ, ಈ ನಟರಾಜನ ಹೆಸ್ರು ಇನ್ನೂ ಐತೆ" ಎಂದು ನಾನು ಮೀಸೆ ತಿರುವುತ್ತಿದ್ದೆ. ಅಂಕಮ್ಮ ತನ್ನ ಪಾಡಿಗೆ ಬುಗುರಿಗಳ ಧೂಳು ಒರೆಸುತ್ತಿದ್ದಳು.

ಅಷ್ಟರಲ್ಲಿ ಪಾಸ್‌ಬುಕ್ ನೋಡಿದೆ. ಅಂಗಡಿಯ ಖಾತೆಯಿಂದ ತಿಂಗಳು ತಿಂಗಳೂ ದುಡ್ಡು ಹೋಗುತ್ತಿದೆ, ಅದೂ ಪುಕ್ಸಟ್ಟೆ ಹುಡುಕಿಕೊಡುವ ಆ ಕಂಪನಿಗೆ! ನಾನು ಹೇಳಿರಲಿಲ್ಲವೇ ಕಳ್ಳನೆಂದು? ನೇರ ಬ್ಯಾಂಕಿಗೆ ಹೋಗಿ ಅರ್ಜಿ ಬರೆದುಕೊಟ್ಟು ನಿಲ್ಲಿಸಿದೆ. ಅಂಕಮ್ಮನಿಗೆ ಹೇಳಲಿಲ್ಲ; ಸಮಯ ನೋಡಿ ಬೆರಗುಗೊಳಿಸೋಣವೆಂದುಕೊಂಡೆ.

ಎರಡು ಭಾನುವಾರ ಕಳೆದವು. ಒಂದು ಕಾರಿಲ್ಲ, ಒಂದು ಫೋನಿಲ್ಲ. ಅಂಗಡಿಯ ಹಿಂದೆ ಲೇತ್ ತಿರುಗಿಸಿ ಗೊಂಬೆ ಕಡೆಯುವ ಅತೀಕ್ ತನ್ನ ಉಳಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ನಿಂತ.

"ಅಣ್ಣಾ, ಮುಂದಿನ್ ಸೋಮ್ವಾರದಿಂದ ಹಾರೋಹಳ್ಳಿ ಫ್ಯಾಕ್ಟ್ರಿಗೆ ಹೋಯ್ತೀನಿ. ಆರ್ಡ್ರೇ ಇಲ್ಲ, ಸುಮ್ನೆ ಎಷ್ಟ್ ದಿನ ಕೂರ್ಲಿ?"

ಅವನ ಅಪ್ಪ ನನ್ನ ಅಪ್ಪನಿಗೆ ಗೊಂಬೆ ಮಾಡಿಕೊಟ್ಟವನು. ಅರಗಿನ ಬಣ್ಣ ಹತ್ತಿದ ಆ ಬೆರಳುಗಳು ಫ್ಯಾಕ್ಟರಿಯಲ್ಲಿ ಡಬ್ಬಕ್ಕೆ ಲೇಬಲ್ ಅಂಟಿಸುವುದೇ? ಅವನಿಲ್ಲದೆ ನನ್ನದೆಂಥ ಅಂಗಡಿ? ನನಗೆ ಅಳುವೇ ಬಂತು. ಅದನ್ನು ಮರೆಮಾಚಲು ಹೆಂಡತಿಯ ಕಡೆ ತಿರುಗಿ, "ಹೋಗ್ಲಿ ಬುಡು, ಆ ಕಂಪನಿಯೋರು ಕದೀತಿದ್ದ ದುಡ್ಡಾದ್ರೂ ನಿಲ್ಲುಸ್ದೆ" ಎಂದೆ.

ಅಂಕಮ್ಮನ ಕೈಯಲ್ಲಿದ್ದ ಧೂಳಿನ ಬಟ್ಟೆ ಕೆಳಗೆ ಬಿತ್ತು. "ಅಯ್ಯೋ ನಿಮ್ ಬುದ್ಧಿಗಿಷ್ಟು! ಅದು ನಾನು ನಮ್ ಅಂಗ್ಡಿ ಜಾಹೀರಾತ್ಗೆ ಕಟ್ತಿದ್ ದುಡ್ಡು! ರೋಡಲ್ಲಿ ಹೋಗೋರ ಫೋನ್ಗೆ ನಮ್ ಅಂಗ್ಡಿ ಕಾಣ್ಲಿ ಅಂತ ಹಾಕುಸಿದ್ದೆ. ಆ ಕಾರೆಲ್ಲ ನಿಮ್ ಮೀಸೆ ನೋಡಾಕೆ ಬತ್ತಿದ್ವಾ?"

ಅಂದರೆ ಜಾಹೀರಾತು ತೋರಿಸಲು ಅವಳು ದುಡ್ಡು ಕಟ್ಟುತ್ತಿದ್ದಳು. ನೋಡದಿರಲು ನಾನು ಕಟ್ಟುತ್ತಿದ್ದೆ. ಅವಳು ಅತೀಕನಿಂದ ಒಂದು ವಾರದ ಗಡುವು ಪಡೆದು, ಅವತ್ತೇ ಬ್ಯಾಂಕಿಗೆ ಹೋಗಿ ಎಲ್ಲ ಸರಿಪಡಿಸಿದಳು. ನಾನು ಪಶ್ಚಾತ್ತಾಪದಿಂದ ನನ್ನ ಚಂದಾ ನಿಲ್ಲಿಸಿ, ಪುಕ್ಸಟ್ಟೆಗೇ ಮರಳಿದೆ.

ಭಾನುವಾರ ಬೆಳಿಗ್ಗೆ ಹುಡುಕಿದೆ. ಡೈನೋಸಾರಿನ ಕೆಳಗೇ ನಮ್ಮ ಅಂಗಡಿ! ಲೇತಿನ ಮುಂದೆ ಅತೀಕ್, ಪಕ್ಕದಲ್ಲಿ ಮರದ ಕುದುರೆ. ಒತ್ತಿದೆ. ಮತ್ತೆ ಹೊರಬಂದು ಮತ್ತೆ ಒತ್ತಿದೆ. ಸಂತೋಷ ತಡೆಯದೆ ಟೀ ಅಂಗಡಿಗೆ ಓಡಿ ಅಲ್ಲಿದ್ದವರ ಫೋನಿನಲ್ಲೆಲ್ಲ ಹುಡುಕಿಸಿ ಒತ್ತಿಸಿದೆ. ಅಲ್ಲಿಂದ ಸಲೂನು, ಬಸ್‌ಸ್ಟ್ಯಾಂಡು. ಬಸ್ಸಿಗೆ ಕಾಯುತ್ತಿದ್ದ ಹೊಂಗನೂರಿನವರನ್ನೂ ಬಿಡಲಿಲ್ಲ. ವಿಜಯಯಾತ್ರೆ ಮುಗಿಸಿ ಬಂದಾಗ ಅಂಕಮ್ಮ ಫೋನು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಹನ್ನೊಂದು ಗಂಟೆಗೇ ಇವತ್ತಿನ್ ದುಡ್ಡೆಲ್ಲ ಖಾಲಿ, ಜಾಹೀರಾತು ನಿಂತೋಗೈತೆ. ಯಾರ್ ಒತ್ತಿದ್ರು ಇಷ್ಟೊಂದ್ ಸಲ?"

ಹೆಮ್ಮೆಯಿಂದ ಹೇಳಿದೆ.

"ಒಬ್ಬೊಬ್ರು ಒತ್ತುದ್ರೂ ನಮ್ ದುಡ್ಡೇ ಕಣ್ರೀ ಹೋಗೋದು! ಕಾರೋರಿಗೆ ಅಂತ ಇಟ್ಟಿದ್ನ ಬಸ್ಸಿಗೆ ಕಾಯೋರ್ಗೆಲ್ಲ ಹಂಚ್ಬುಟ್ ಬಂದ್ರಾ?"

ಒಳಗೆ ಅತೀಕ್ ಉಳಿಗಳ ಗಂಟನ್ನು ಅರ್ಧ ಬಿಚ್ಚಿದವನು ಹಾಗೇ ನಿಂತಿದ್ದ. ಅವಳು ನನ್ನ ಫೋನು ಕಿತ್ತುಕೊಂಡು ಏನೇನೋ ಒತ್ತಿ ವಾಪಸು ಕೊಟ್ಟಳು. ಮುಂದಿನ ಭಾನುವಾರದಿಂದ ಮತ್ತೆ ಕಾರುಗಳು ಬಂದವು. ಅತೀಕ್ ಹಾರೋಹಳ್ಳಿಗೆ ಹೋಗಲಿಲ್ಲ.

ನನ್ನ ಹಳೇ ಚಂದಾ ಮತ್ತೆ ಶುರುವಾಗಿದೆ. ಈ ಸಲ ದುಡ್ಡು ಕಟ್ಟುತ್ತಿರುವವಳು ಅಂಕಮ್ಮ, ಅಂಗಡಿಯ ಖರ್ಚಿನಲ್ಲಿ, ನನ್ನ ಕಣ್ಣಿಗೆ ನಮ್ಮ ಜಾಹೀರಾತು ಬೀಳದಿರಲಿ ಎಂದು.