ಕಿತ್ತಳೆ ರಸಕ್ಕೊಬ್ಬ ದುಭಾಷಿ

ಇಂಗ್ಲಿಷ್ ಬಲ್ಲವನು ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಅದನ್ನು ಬಿಡಿಸಿಕೊಳ್ಳುವುದು ಬಲು ಕಷ್ಟ. ನಾನು ಕೊಡಗಿನ ಮೂರ್ನಾಡಿನಲ್ಲಿ ಮೇಷ್ಟ್ರಾಗಿದ್ದಾಗ ಊರಿನವರು ಔಷಧಿ ಸೀಸೆಯ ಚೀಟಿಯಿಂದ ಹಿಡಿದು ತಂತಿಯವರೆಗೆ ಎಲ್ಲವನ್ನೂ ನನ್ನಿಂದಲೇ ಓದಿಸುತ್ತಿದ್ದರು. ‘ಗೊತ್ತಿಲ್ಲ’ ಎನ್ನುವ ಮಾತೊಂದು ಮಾತ್ರ ನನಗೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ.

ಆಗ ಕೊಡಗೇ ಒಂದು ರಾಜ್ಯ. ಕಿತ್ತಳೆ ಮರದಡಿಯಲ್ಲೇ ಕೊಳೆಯುವಷ್ಟು ಬೆಳೆದ ಒಂದು ವರ್ಷ, ಹಣ್ಣಿನ ರಸವನ್ನು ಕೆಡದಂತೆ ಇಡುವುದು ಹೇಗೆಂದು ಹೆಂಗಸರಿಗೆ ಕಲಿಸಲು ಮದರಾಸಿನ ಕಡೆಯ ಮೇಡಂ ಒಬ್ಬರು ನಮ್ಮ ಶಾಲೆಗೆ ಬಂದರು. ಅವರಿಗೆ ಕನ್ನಡ ಬಾರದು. ಇನ್ನು ದುಭಾಷಿ ಯಾರಾಗಬೇಕು? ನಾನು ಹಿಂದಿನ ದಿನವೇ ನಿಘಂಟು ತೆರೆದು ಕೂತೆ. “ಅಡುಗೆ ವಿಷಯ ತಾನೇ, ನನ್ನನ್ನ ಒಂದು ಮಾತು ಕೇಳಬಾರದಾ?” ಎಂದಳು ಹೆಂಡತಿ ಸರಸ್ವತಿ. “ಇದು ಅಡುಗೆ ಅಲ್ಲ, ವಿಜ್ಞಾನ” ಎಂದು ಅವಳ ಬಾಯಿ ಮುಚ್ಚಿಸಿದೆ.

ಬಾಟಲಿಗೆ ರಸ ತುಂಬುವಾಗ ಮೇಲೆ ‘ಹೆಡ್‌ಸ್ಪೇಸ್’ ಬಿಡಬೇಕು ಎಂದರು ಮೇಡಂ. “ತಲೆಯಲ್ಲಿ ಖಾಲಿ ಜಾಗ ಇರಬೇಕು” ಎಂದೆ. “ಅದು ನಮ್ಮನೆಯವರಿಗೆ ಬೇಕಾದಷ್ಟು ಉಂಟು!” ಎಂದರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿ. ಕೋಣೆಯೆಲ್ಲ ನಕ್ಕಿತು, ನನಗೆ ಇನ್ನಷ್ಟು ಹುಮ್ಮಸ್ಸು. ಆಮೇಲೆ ಬಂತು ‘ಸ್ಟೆರಿಲೈಸ್’. ನಿಘಂಟಿನ ಮೊದಲ ಅರ್ಥ ಬಾಯಿಪಾಠವಾಗಿತ್ತು. “ಮೊದಲು ಬಾಟಲಿಯನ್ನು ಬಂಜೆ ಮಾಡಬೇಕು” ಎಂದುಬಿಟ್ಟೆ.

ನಗು ಗಕ್ಕನೆ ನಿಂತಿತು. ಮುಂದಿನ ಬೆಂಚಿನಲ್ಲೇ ಪಕ್ಕದ ಮನೆಯ ಗೌರಕ್ಕ ಕೂತಿದ್ದರು. ಮದುವೆಯಾಗಿ ಹದಿನೈದು ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು, ಸರಸ್ವತಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು.

ಗೌರಕ್ಕ ಎದ್ದು ನಿಂತರು. “ಎಂಥ ಮಾಷ್ಟ್ರೆ, ಬಾಟ್ಲಿ ಹೆರೋ ಕಾಲ ಬಂತಾ?” ಎಂದು ತಾವೇ ಮೊದಲು ನಕ್ಕರು. “ಹುಳ ಹುಟ್ಟದ ಹಾಗೆ ಕುದಿಯೋ ನೀರಲ್ಲಿ ಹಾಕಿ ತೆಗಿಬೇಕು, ಅಷ್ಟೇ ಅಲ್ವಾ? ಹಾಗಂತ ಹೇಳಿ.”

ಅಲ್ಲಿಂದ ಮುಂದೆ ಮೇಡಂ ಕೈಯಲ್ಲಿ ಮಾಡಿ ತೋರಿಸಿದರು, ಗೌರಕ್ಕ ಅದನ್ನು ಕನ್ನಡದಲ್ಲೂ ಮಲಯಾಳದಲ್ಲೂ ಹೇಳಿದರು. ನನಗೆ ಕಿತ್ತಳೆ ಸುಲಿಯುವ ಕೆಲಸ ಸಿಕ್ಕಿತು.

ಸಂಜೆ ಅವರ ಮನೆಗೆ ಹೋಗಿ, “ಗೌರಕ್ಕ, ಆ ಮಾತು...” ಎಂದು ತೊದಲಿದೆ. “ಬಿಡಿ ಮಾಷ್ಟ್ರೆ. ಬೇರೆಯವ್ರು ಬೇಕಂತಲೇ ಹಿಂದಿಂದ ಹೇಳ್ತಾರೆ. ನೀವು ಗೊತ್ತಿಲ್ಲದೆ ಎದುರಿಗೆ ಹೇಳಿದ್ರಿ” ಎಂದು ಕಾಫಿ ಕೊಟ್ಟರು.

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ಮೇಡಂ ತಮ್ಮ ವರದಿಯಲ್ಲಿ ದುಭಾಷಿಯನ್ನು ಹೊಗಳಿದ್ದರಂತೆ. ಮಡಿಕೇರಿಯ ಸರ್ಕಾರಿ ಕಚೇರಿಯಿಂದ ಇಂತಹ ಪದಗಳದೇ ಒಂದು ಉದ್ದನೆಯ ಪಟ್ಟಿ ಬಂತು, ಎಲ್ಲಕ್ಕೂ ಕನ್ನಡ ಮಾಡಿಕೊಡಿ ಎಂದು. ಈ ಸಲ ನಿಘಂಟನ್ನು ಮುಟ್ಟದೆ ಗೌರಕ್ಕನ ಅಡುಗೆಮನೆಗೆ ಹೋಗಿ ಕೂತೆ. ನಾನು ವಿವರಿಸುತ್ತಿದ್ದೆ, ಅವರು ಸೌಟು ತಿರುಗಿಸುತ್ತಲೇ ಹೇಳುತ್ತಿದ್ದರು. ‘ಫರ್ಮೆಂಟೇಷನ್’ ಅಂದರೆ ಹುಳಿ ಬರೋದು. ‘ಪಾಶ್ಚರೈಸ್’ ಅಂದರೆ ಕುದಿ ಬರೋಕೆ ಬಿಡದೆ ಕಾಯಿಸೋದು. ಎರಡು ಮಧ್ಯಾಹ್ನದಲ್ಲಿ ಪಟ್ಟಿ ಮುಗಿಯಿತು.

ಕೊನೆಯಲ್ಲಿ ‘ಕನ್ನಡಕ್ಕೆ ತಂದವರು’ ಎಂದು ಒಂದು ಸಾಲು ಖಾಲಿ ಬಿಟ್ಟಿದ್ದರು. ಗೌರಕ್ಕನ ಹೆಸರನ್ನೂ ಹಾಕಬೇಕೆಂದೇ ಇದ್ದೆ. ಆದರೆ ನನ್ನ ಹೆಸರನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಬರೆಯುವಷ್ಟರಲ್ಲಿ ಸಾಲು ತುಂಬಿಹೋಗಿತ್ತು.