ಮದುವೆಯ ಕೆಂಪು ಕಾರಿನ ಬಗ್ಗೆ ಶ್ರೀ ಸ್ಪ್ರಾಟ್‌ವೆಲ್ ಅವರಿಗೆ

ಮೆರಿಯಲ್ ಪ್ರೊಥೆರೊ
ನಿವೃತ್ತ ಗಣಿತ ಶಿಕ್ಷಕಿ
ಬಾಲಾ, ವೇಲ್ಸ್
೩೦ ಜೂನ್ ೧೯೮೮

ಶ್ರೀ ಡೆಸ್ಮಂಡ್ ಸ್ಪ್ರಾಟ್‌ವೆಲ್ ಅವರಿಗೆ
ಮಾಲೀಕರು, ಸ್ಪ್ರಾಟ್‌ವೆಲ್ ಹಳೆಯ ಸ್ಪೋರ್ಟ್ಸ್ ಕಾರುಗಳ ಮಳಿಗೆ
ಹಾಲೋಬರಿ

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದೂ, ತಮ್ಮ ಮಳಿಗೆಯ ಬಾಗಿಲುಗಳು ತೆರೆಯಬೇಕಾದಾಗ ತೆರೆದು ಮುಚ್ಚಬೇಕಾದಾಗ ಮುಚ್ಚುತ್ತಿವೆಯೆಂದೂ ನಂಬಿ ಈ ಪತ್ರವನ್ನು ಆರಂಭಿಸುತ್ತೇನೆ. ಕಳೆದ ಮೇ ಹದಿನಾಲ್ಕರಂದು ತಮ್ಮಿಂದ ಎರಡು ಆಸನಗಳ, ಮಡಿಸುವ ಬಟ್ಟೆಯ ಚಾವಣಿಯ, ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡ ಎಪ್ಪತ್ತೊಂದು ವರ್ಷದ ಹೆಂಗಸನ್ನು ತಾವು ಮರೆತಿರಲಾರಿರಿ. ಅಂದು ತಾವು ತೋರಿದ ಔದಾರ್ಯದ ಪೂರ್ಣ ಪ್ರಮಾಣ ನನಗೆ ತಿಳಿದದ್ದು ಕಳೆದ ಶನಿವಾರವಷ್ಟೇ ಆದ್ದರಿಂದ, ಧನ್ಯವಾದ ಹೇಳುವುದು ಆರು ವಾರ ತಡವಾಯಿತು.

ಕಾರು ಬೇಕಾಗಿದ್ದದ್ದು ನನಗಲ್ಲ, ನನ್ನ ತಂಗಿ ಎಲುನೆಡ್‌ಗೆ. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ, ಅವಳು ತನ್ನ ಮೊದಲ ಮದುವೆಗೆ ಹಾಲಿನ ಲಾರಿಯಲ್ಲಿ, ಕ್ಯಾನುಗಳ ನಡುವೆ, ಬಿಳಿಯ ಉಡುಪನ್ನು ಎರಡೂ ಕೈಗಳಿಂದ ಎತ್ತಿ ಹಿಡಿದು ನಿಂತುಕೊಂಡು ಹೋದವಳು. ಹನ್ನೊಂದು ವರ್ಷ ವಿಧವೆಯಾಗಿದ್ದು, ಅರವತ್ತೆಂಟನೆಯ ವಯಸ್ಸಿನಲ್ಲಿ ನಮ್ಮೂರಿನ ನಿವೃತ್ತ ಬೇಕರಿಯವರಾದ, ವಿಧುರರಾದ ಇದ್ವಾಲ್ ಅವರನ್ನು ವರಿಸಲು ಅವಳು ಒಪ್ಪಿದಾಗ, ಈ ಸಲ ತೆರೆದ ಕೆಂಪು ಕಾರಿನಲ್ಲಿ ಗಾಳಿಗೆ ಮುಖವೊಡ್ಡಿ ಪ್ರಾರ್ಥನಾಮಂದಿರಕ್ಕೆ ಹೋಗುವೆಯೆಂದು ನಾನು ಮಾತು ಕೊಟ್ಟೆ. ಮೂವತ್ತೇಳು ವರ್ಷ ಮಕ್ಕಳಿಗೆ ಮಾತು ಉಳಿಸಿಕೊಳ್ಳಬೇಕೆಂದು ಬೋಧಿಸಿದವಳು ಕೊಟ್ಟ ಮಾತು ಅದಾಗಿತ್ತು ಎಂಬುದನ್ನು ಗಮನಿಸಬೇಕಾಗಿ ಕೋರುತ್ತೇನೆ.

ತಮ್ಮ ಸತ್ಕಾರವನ್ನು ಎಷ್ಟು ಹೊಗಳಿದರೂ ಸಾಲದು. ನಾನು ಬಂದಾಗ ಕಾರಿನ ಮೈಮೇಲೆ ನೀರಿನ ಹನಿಗಳು ಮುತ್ತಿನಂತೆ ಹೊಳೆಯುತ್ತಿದ್ದವು. ಒದ್ದೆಯಾದ ಬಣ್ಣದಲ್ಲಿ ಎರಡು ಬಗೆಯ ಕೆಂಪನ್ನು ಗುರುತಿಸುವುದು ಕಷ್ಟವೆಂಬುದು ಆಗ ನನಗೆ ತಿಳಿದಿರಲಿಲ್ಲ. "ನೀವು ಬರ್ತೀರಂತ ಎಂಜಿನ್ ಬಿಸಿ ಮಾಡೇ ಇಟ್ಟಿದ್ದೆ ಟೀಚರ್, ಚಳೀಲಿ ನಿಮ್ಮನ್ನ ಯಾಕೆ ಕಾಯಿಸ್ಬೇಕು" ಎಂದಿರಿ. ತಣ್ಣಗಿರುವಾಗ ಆ ಎಂಜಿನ್ ಎಂಥ ಸ್ವರದಲ್ಲಿ ಕೆಮ್ಮುತ್ತದೆಂಬುದನ್ನು ಕೇಳುವ ಕಷ್ಟವನ್ನು ಹೀಗೆ ತಪ್ಪಿಸಿದಿರಿ. ಉಳಿದ ಸದ್ದುಗಳಿಂದ ನನಗೆ ಬೇಸರವಾಗಬಾರದೆಂದು ರೇಡಿಯೊದಲ್ಲಿ ಹಿತ್ತಾಳೆ ವಾದ್ಯಗಳ ಸಂಗೀತವನ್ನು ಹಾಕಿದಿರಿ. ಏರೂ ತಿರುವೂ ಹಳ್ಳವೂ ಇಲ್ಲದ ಒಂದೇ ಮೈಲಿ ರಸ್ತೆಯಲ್ಲಿ ನನ್ನನ್ನು ಓಡಾಡಿಸಿದಿರಿ. ನಮ್ಮ ವೇಲ್ಸ್‌ನಲ್ಲಿ ಹುಡುಕಿದರೂ ಸಿಗದಂಥ ರಸ್ತೆ ಅದು. "ಒಬ್ಬರೇ ಒಡತಿ. ವಯಸ್ಸಾದೋರು, ಭಾನುವಾರ ಪ್ರಾರ್ಥನೆಗೆ ಹೋಗ್ಬರೋರು ಅಷ್ಟೇ, ಅದೂ ನಿಧಾನಕ್ಕೆ" ಎಂಬ ತಮ್ಮ ಮಾತು ಅರ್ಧದಷ್ಟು ಸತ್ಯವಾಗಿತ್ತೆಂದು ಈಗ ನಿಖರವಾಗಿ ಹೇಳಬಲ್ಲೆ.

ನನ್ನ ತಪ್ಪನ್ನೂ ಇಲ್ಲಿ ದಾಖಲಿಸಬೇಕು. ನಾನು ನಲವತ್ತು ಪ್ರಶ್ನೆಗಳನ್ನು ಬರೆದುಕೊಂಡು ಬಂದಿದ್ದೆ. ಹನ್ನೊಂದನೆಯದನ್ನು ಕೇಳಿದಾಗ ತಾವು ಟೊಪ್ಪಿ ತೆಗೆದು, "ಇಪ್ಪತ್ತು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾರೂ ವಿಚಾರಿಸಿಲ್ಲ ಟೀಚರ್, ನಿಮ್ಮ ಕಣ್ಣು ತಪ್ಪಿಸೋಕೆ ಯಾರಿಂದಾಗತ್ತೆ" ಎಂದಿರಿ. ಬದುಕಿಡೀ ಇತರರಿಗೆ ಅಂಕ ಕೊಟ್ಟವಳಿಗೆ ಒಬ್ಬರು ನೂರಕ್ಕೆ ನೂರು ಕೊಟ್ಟರೆ ಏನಾಗುತ್ತದೋ ಅದೇ ಆಯಿತು: ಪ್ರಶ್ನೆಗಳ ಹಾಳೆಯನ್ನು ಮಡಿಸಿ ಕೈಚೀಲಕ್ಕೆ ಸೇರಿಸಿದೆ. ಹನ್ನೆರಡನೆಯ ಪ್ರಶ್ನೆ, ಕಾರಿನೊಳಗೆ ಹಾಸಿದ್ದ ಹೊಚ್ಚಹೊಸ ಜಮಖಾನೆಯನ್ನು ಒಮ್ಮೆ ಎತ್ತಿ ತೋರಿಸುವಿರಾ ಎಂಬುದಾಗಿತ್ತು. ತಾವು "ಕಂಡ ಹಾಗೆ ಮಾರಲಾಗಿದೆ" ಎಂದು ಬರೆದ ರಸೀತಿಗೆ ನಾನು ಸಂತೋಷದಿಂದಲೇ ಸಹಿ ಹಾಕಿದೆ. ಕಾಣದ್ದರ ಬಗ್ಗೆ ರಸೀತಿಯಲ್ಲಿ ಒಂದಕ್ಷರವೂ ಇರಲಿಲ್ಲ.

ಮದುವೆಗೆಂದು ಹೊದಿಕೆ ಹೊದಿಸಿ ಜೋಪಾನವಾಗಿಟ್ಟಿದ್ದ ಕಾರನ್ನು ಶನಿವಾರ ಹೊರತೆಗೆದೆ. ಮದುವೆ ಹನ್ನೊಂದಕ್ಕೆ. ಪಾದ್ರಿಗಳ ಆಶೀರ್ವಾದ ಎಷ್ಟಿದ್ದರೂ ನೋಂದಣಾಧಿಕಾರಿಗಳ ಎದುರಿನಲ್ಲಿ, ಅವರ ಪುಸ್ತಕದಲ್ಲಿ, ಸಹಿ ಬೀಳದೆ ನಮ್ಮ ಮಂದಿರದಲ್ಲಿ ಮದುವೆಯಾಗದು. ಆ ಅಧಿಕಾರಿಗಳೋ ಹನ್ನೆರಡಕ್ಕೆ ಸರಿಯಾಗಿ ಪುಸ್ತಕ ಮುಚ್ಚಿ ಇನ್ನೊಂದೂರಿನ ಮದುವೆಗೆ ಹೊರಡಬೇಕಿತ್ತು. ಸರೋವರದ ಪಕ್ಕದಲ್ಲಿ ಸಾಗುವಾಗ ತುಂತುರು ಬಿತ್ತೆಂದು ಚಾವಣಿ ಎಳೆದು ಕೊಕ್ಕೆ ಹಾಕಿದೆವು. ಮುಂದೆ ಕಮಾನಿನ ಕಲ್ಲುಸೇತುವೆಯನ್ನು ಹತ್ತಿ ಇಳಿದಾಗ ನಮ್ಮ ಬೆನ್ನ ಹಿಂದೆಲ್ಲೋ ಮುದುಕರೊಬ್ಬರು ಕುರ್ಚಿಯಿಂದೇಳುವಾಗ ಬರುವಂಥ ನರಳಿಕೆ ಕೇಳಿಸಿತು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮಂದಿರದ ಮುಂದೆ ಕಾರು ನಿಲ್ಲಿಸಿದೆ. ಬಾಗಿಲು ತೆರೆಯಲಿಲ್ಲ. ಇನ್ನೊಂದೂ ತೆರೆಯಲಿಲ್ಲ. ಚಾವಣಿಯ ಕೊಕ್ಕೆ ಅಲುಗಲಿಲ್ಲ. ನನ್ನ ಕಡೆಯ ಕಿಟಕಿ ನಾಲ್ಕು ಅಂಗುಲ ಇಳಿದು, ಅದರ ಹಿಡಿ ನನ್ನ ಕೈಗೆ ಬಂತು.

ಆ ನಾಲ್ಕು ಅಂಗುಲದ ಸಂದಿಯಲ್ಲಿ ಮುಂದಿನ ನಲವತ್ತು ನಿಮಿಷ ನಮ್ಮೂರಿನ ವಿವೇಕವೆಲ್ಲ ಹರಿದು ಬಂತು. ಗಾಯಕವೃಂದದವರು ಬಾಗಿಲನ್ನು ಎಳೆದರು, ಒದ್ದರು, ಬೆಣ್ಣೆ ಸವರಿದರು. ಸಂದಿಗೆ ಬಾಯಿಟ್ಟು ಇದ್ವಾಲ್, "ಎಲುನೆಡ್, ಮನಸ್ಸು ಬದಲಾಯಿಸಿದ್ರೆ ಬಾಯ್ಬಿಟ್ಟು ಹೇಳ್ಬಿಡು, ಕಾರಿಗ್ಯಾಕೆ ಕಷ್ಟ ಕೊಡ್ತೀಯ" ಎಂದರು. "ಹಾಲಿನ ಲಾರೀಗೆ ಬಾಗಿಲೇ ಇರ್ಲಿಲ್ಲ ಕಣೇ ಅಕ್ಕ, ಎಷ್ಟು ಸುಖವಾಗಿ ಇಳಿದಿದ್ದೆ" ಎಂದು ನನ್ನ ತಂಗಿ ನನ್ನತ್ತ ತಿರುಗಿದಳು. ಅವಳ ಟೊಪ್ಪಿಯ ಗರಿ ಚಾವಣಿಗೆ ತಾಗಿ ಮುರಿದಿತ್ತು, ಬಲಗಾಲಿನ ಮಂಡಿ ನೋಯುತ್ತಿತ್ತು; ನಗುತ್ತಲೇ ಇದ್ದಳು, ಆದರೆ ಕೈಯಲ್ಲಿದ್ದ ಹೂಗೊಂಚಲಿನ ದಳಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಹನ್ನೊಂದು ಮೂವತ್ತೈದಕ್ಕೆ ನೋಂದಣಾಧಿಕಾರಿಗಳು ಮೆಟ್ಟಿಲ ಮೇಲೆ ಬಂದು ನಿಂತು ಗಡಿಯಾರ ನೋಡಿಕೊಂಡರು. ವಧು ಮಂದಿರದ ಒಳಗಿರಬೇಕು, ಹೊರಗೆ ರಸ್ತೆಯಲ್ಲಿ ನಿಂತ ವಾಹನದಲ್ಲಿ ಕೂತವರಿಗೆ ಮದುವೆ ಮಾಡಿಸುವ ಅಧಿಕಾರ ತಮಗಿಲ್ಲವೆಂದು ಬಹಳ ವಿಷಾದದಿಂದ ತಿಳಿಸಿದರು.

ಇದ್ವಾಲ್ ಒಳಗೆ ಹೋದರು. ಬಂದಾಗ ಅವರ ಕೈಯಲ್ಲಿ, ಅವರೇ ಬೇಯಿಸಿದ ಮದುವೆಯ ಕೇಕಿನ ಪಕ್ಕದಲ್ಲಿಟ್ಟಿದ್ದ ಉದ್ದನೆಯ ಚಾಕು ಇತ್ತು. ಅವರು ಕೇಳಿದ್ದು ವಧುವನ್ನಲ್ಲ, ನನ್ನನ್ನು: "ಅತ್ತಿಗೆ, ಇದು ನಿಮ್ಮ ಕಾರು. ಚಾವಣಿ ಬಟ್ಟೆ ಕೊಯ್ಯಲಾ?" ಮಾನ್ಯರೇ, ನನ್ನ ಜೀವನದಲ್ಲಿ ನಾನು ಕೊಂಡ ಏಕೈಕ ಚೆಂದದ ವಸ್ತು ಅದು. ಹನ್ನೊಂದು ಮೂವತ್ತೆಂಟಾಗಿತ್ತು. "ಕೊಯ್ಯಿರಿ, ಆದ್ರೆ ಗೆರೆ ನೇರವಾಗಿರ್ಲಿ" ಎಂದೆ. ನಲವತ್ತು ವರ್ಷ ಬ್ರೆಡ್ಡು ಕತ್ತರಿಸಿದ ಕೈ ತಪ್ಪಲಿಲ್ಲ. ಗಾಯಕವೃಂದದ ನಾಲ್ವರು ದಪ್ಪ ದನಿಯವರು ನನ್ನ ತಂಗಿಯನ್ನು ಮೇಲಕ್ಕೆತ್ತಿ, ನೆಲಕ್ಕೆ ಕಾಲು ತಾಗಿಸದೆ, ವೇದಿಕೆಯವರೆಗೆ ಹೊತ್ತು ನಡೆದರು. ಹಾದಿಯುದ್ದಕ್ಕೂ ಅವಳ ನಗುವೇ ನಮಗೆ ಮದುವೆಯ ವಾದ್ಯವಾಯಿತು. ಅವರೇ ಮರಳಿ ಬಂದು ನನ್ನನ್ನೂ ಎತ್ತಿದರು; ಅದರ ವಿವರ ಈ ಪತ್ರಕ್ಕೆ ಅನಗತ್ಯ. ಹನ್ನೊಂದು ಐವತ್ತಾರಕ್ಕೆ ಸಹಿಗಳು ಬಿದ್ದವು. ಮಸಿ ಆರುವ ಮೊದಲೇ ಅಧಿಕಾರಿಗಳು ಮುಂದಿನ ಊರಿಗೆ ಹೊರಟಿದ್ದರು.

ತಮ್ಮ ಔದಾರ್ಯ ಬಯಲಾದದ್ದು ಆಮೇಲೆ. ಊರಿನ ವಾಹನ ದುರಸ್ತಿಗಾರ ಗೆರೈಂಟ್ ನನ್ನ ಹಳೆಯ ವಿದ್ಯಾರ್ಥಿ. ಎಲ್ಲರೂ ಚಹಾದ ಮೇಜಿನ ಕಡೆ ನಡೆದಾಗ ಅವನು ಹೊಸ ಸೂಟಿನಲ್ಲೇ ಕಾರಿನಡಿ ಮಲಗಿದ್ದ. ಎದ್ದು ಬಂದು ಬಹಳ ವಿನಯದಿಂದ, "ಟೀಚರ್, ಇದ್ರಲ್ಲಿ ನಿಮ್ದು ಯಾವ ಕಾರು" ಎಂದು ಕೇಳಿದ. ಅಪಘಾತದಲ್ಲಿ ಹಿಂಭಾಗ ನುಜ್ಜಾದ ಒಂದು ಕಾರಿನ ಮುಂಭಾಗವನ್ನೂ, ಮುಂಭಾಗ ನುಜ್ಜಾದ ಇನ್ನೊಂದು ಕಾರಿನ ಹಿಂಭಾಗವನ್ನೂ ಆಸನಗಳ ಕೆಳಗೆ ಬೆಸೆದು, ಮೇಲೆ ಜಮಖಾನೆ ಹಾಸಿದ್ದಾರೆಂದು ತೋರಿಸಿದ. ಸೇತುವೆಯ ಮೇಲೆ ಬೆಸುಗೆ ಬಿಟ್ಟು, ಎರಡೂ ಕಾರುಗಳು ಒಂದಿಷ್ಟು ಓರೆಯಾಗಿ, ಬಾಗಿಲುಗಳು ನಡುವೆ ಸಿಕ್ಕಿಕೊಂಡಿದ್ದವಂತೆ. "ಇನ್ನೊಂಚೂರು ಜೋರಾಗಿ ಬಂದಿದ್ರೆ ನೀವು ಮದುವೆಗೆ, ಹಿಂದಿನ ಚಕ್ರ ವಾಪಸ್ ಹಾಲೋಬರಿಗೆ" ಎಂದ. ಶಾಲೆಯಲ್ಲಿ ಅವನಿಗೆ ಭಿನ್ನರಾಶಿ ಒಂದು ದಿನವೂ ಅರ್ಥವಾಗಿರಲಿಲ್ಲ. ತಮ್ಮ ದಯೆಯಿಂದ ಅದೂ ನೆರವೇರಿತು.

ಒಂದು ಕಾರಿನ ಬೆಲೆಗೆ ಎರಡು ಕಾರುಗಳನ್ನು ಕೊಡುವ ವ್ಯಾಪಾರಿಗಳು ಈ ಕಾಲದಲ್ಲಿ ಎಲ್ಲಿದ್ದಾರೆ? ಆದರೆ ನನ್ನ ಪಾಲಿನ ಎರಡರ್ಧಗಳು ಇನ್ನೂ ತಮ್ಮ ಬಳಿಯೇ ಉಳಿದಿರುವಂತೆ ತೋರುತ್ತದೆ. ದಯವಿಟ್ಟು ಕಳುಹಿಸಿಕೊಡಬೇಕು, ನುಜ್ಜಾಗಿದ್ದರೂ ಚಿಂತೆಯಿಲ್ಲ. ವಿಮೆಯ ಕಂತನ್ನು ಯಾವ ಅರ್ಧಕ್ಕೆ ಕಟ್ಟಬೇಕು, ಆ ವೃದ್ಧ ಒಡತಿಯವರು ಪ್ರಾರ್ಥನೆಗೆ ಹೋಗುತ್ತಿದ್ದದ್ದು ಮುಂಭಾಗದಲ್ಲೋ ಹಿಂಭಾಗದಲ್ಲೋ, ಹಿಂಭಾಗದ ಖಾನೆಯಲ್ಲಿ ಸಿಕ್ಕ ಓಟದ ಸ್ಪರ್ಧೆಯ ಮೂರು ಅಂಟುಚೀಟಿಗಳನ್ನು ಯಾರಿಗೆ ಮರಳಿಸಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಚಹಾ ಕುಡಿಯುವಾಗ ನನ್ನ ತಂಗಿ ತಮ್ಮ ಪರವಾಗಿಯೇ ವಾದಿಸಿದಳೆಂಬುದನ್ನು ನ್ಯಾಯದೃಷ್ಟಿಯಿಂದ ಬರೆಯುತ್ತೇನೆ. "ಬೈಬೇಡ ಬಿಡೇ ಅಕ್ಕ. ನಾನೂ ಇದ್ವಾಲೂ ಮತ್ತೇನು? ಎರಡು ಹಳೇ ಗಾಡಿ ತಂದು ಬೆಸೆದದ್ದೇ ಅಲ್ವಾ" ಎಂದಳು. "ನನ್ನ ಬಾಗಿಲು ತೆಗೆಯತ್ತೆ ಕಣೇ" ಎಂದರು ಇದ್ವಾಲ್. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಉತ್ತರ ತಪ್ಪಾಗಿತ್ತು. ತಪ್ಪು ಉತ್ತರವನ್ನು ತಿದ್ದದೆ ಬಿಡುವುದು ನನ್ನಿಂದಾಗದು. ನೋಂದಣಿ ಪುಸ್ತಕದಲ್ಲಿ ಅವರಿಬ್ಬರೂ ತಮ್ಮ ನಿಜವಾದ ವಯಸ್ಸನ್ನೂ, ಒಬ್ಬಳು ವಿಧವೆ ಒಬ್ಬರು ವಿಧುರ ಎಂಬುದನ್ನೂ ಎಲ್ಲರೆದುರು ಹೇಳಿ ಬರೆಸಿದ್ದಾರೆ. ಇಬ್ಬರೂ ತಮ್ಮ ಬೆಸುಗೆಯನ್ನು ಜಮಖಾನೆ ಹಾಸಿ ಮುಚ್ಚಲಿಲ್ಲ.

ತಮ್ಮಿಂದಲೂ ಅಷ್ಟನ್ನೇ ಕೋರುತ್ತೇನೆ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಗೆರೈಂಟ್‌ನ ಲಾರಿ ಈ ಕಾರನ್ನು ತಮ್ಮ ಮಳಿಗೆಯೆದುರಿನ ಸಾರ್ವಜನಿಕ ರಸ್ತೆಯಲ್ಲಿ ಇಳಿಸುತ್ತದೆ. ತಾವು ಒಂದು ಹಲಗೆಯ ಮೇಲೆ, ಸ್ವಹಸ್ತದಿಂದ, ಇದು ಯಾವ ಯಾವ ಕಾರು, ಯಾರ ಯಾರದಾಗಿತ್ತು, ಎಲ್ಲಿ ಬೆಸೆದಿದೆ ಎಂದು ಬರೆದು ಅದರ ಗಾಜಿಗೆ ಒರಗಿಸಿಡಬೇಕು. ತಾವು ಬರೆಯುವವರೆಗೂ ನಾನು ಪಕ್ಕದಲ್ಲೇ ಮಡಿಸುವ ಕುರ್ಚಿ ಹಾಕಿಕೊಂಡು ಕುಳಿತಿರುತ್ತೇನೆ, ಬಂದ ಗಿರಾಕಿಗಳಿಗೆ ಅದನ್ನೇ ಬಾಯಿಮಾತಿನಲ್ಲಿ ವಿವರಿಸುತ್ತಿರುತ್ತೇನೆ. ತರಗತಿಯ ಕೊನೆಯ ಬೆಂಚಿನವರೆಗೆ ಕೇಳಿಸುವ ದನಿ ನನಗಿನ್ನೂ ಇದೆ, ಬಿಡುವೂ ಬೇಕಾದಷ್ಟಿದೆ.

ಪ್ರತಿಯೊಂದು ಅರ್ಧಕ್ಕೂ ಪ್ರತ್ಯೇಕ ವಂದನೆಗಳೊಂದಿಗೆ,

ಸೋಮವಾರದವರೆಗೆ ತಮ್ಮ ವಿಶ್ವಾಸಿ,
ಮೆರಿಯಲ್ ಪ್ರೊಥೆರೊ

ಮರೆತ ಮಾತು: ನವದಂಪತಿಗಳು ಸಮುದ್ರತೀರದ ಊರಿಗೆ ಬಸ್ಸಿನಲ್ಲಿ ಹೋಗಿದ್ದಾರೆ. ಹೊರಡುವ ಮುನ್ನ ಇದ್ವಾಲ್ ಕೊಡೆಯ ತುದಿಯಿಂದ ನೆಲಹಾಸನ್ನು ಎತ್ತಿ ನೋಡಿದರೆಂದೂ, ಬಸ್ಸು ಮುಂದಿನಿಂದ ಹಿಂದಿನವರೆಗೆ ಒಂದೇ ಬಸ್ಸಾಗಿತ್ತೆಂದೂ ತಂಗಿ ಅಂಚೆಕಾರ್ಡಿನಲ್ಲಿ ಬರೆದಿದ್ದಾಳೆ. ಆ ಸಂಸ್ಥೆಯವರಿಗೆ ವ್ಯಾಪಾರ ಗೊತ್ತಿಲ್ಲವೆಂದು ಕಾಣುತ್ತದೆ. ಬಿಡುವಾದಾಗ ತಾವು ಒಮ್ಮೆ ಹೋಗಿ ಹೇಳಿಕೊಡಬಹುದು.