ಹೊಗೆಯಲ್ಲಿ ಗಾಲ್ಫ್ ಕಲಿತ ಭಾವ

ಓಡುವ ಚೆಂಡನ್ನು ಬಿಟ್ಟುಬಿಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಕದಲದೆ ನೆಲದ ಮೇಲೆ ಕೂತಿರುವ ಚೆಂಡು ಎರಡೂ ಕಣ್ಣೆದುರೇ ತಪ್ಪಿಹೋಗಬೇಕಾದರೆ ಅದಕ್ಕೆ ಬೇರೆಯೇ ಯೋಗ್ಯತೆ ಬೇಕು. ನನ್ನ ಭಾವನಿಗೆ ಅದಿತ್ತು. ಇದು ಉತ್ಪ್ರೇಕ್ಷೆಯಲ್ಲ, ಪ್ರತಿ ಸಲವೂ ಎರಡು ಮಾರು ದೂರದಲ್ಲಿ ನಿಂತು ನೋಡಿದವನು ನಾನೇ.

ಭಾವ ಎಂದರೆ ಅಕ್ಕನ ಗಂಡ. ಉಡುಪಿ ಕಡೆಯವರು. ಮಲೇಷ್ಯಾದ ಮೆಲಾಕಾದಲ್ಲಿ ಮೆಡಿಕಲ್ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದರು. ಅದೇ ವಿಭಾಗದಲ್ಲಿ ಅವರ ಕೈಕೆಳಗೆ ನಾನೂ ಇದ್ದೆ. ಅಲ್ಲಿನ ಹಣ ರಿಂಗಿಟ್ಟಿನ ಬೆಲೆ ಬಿದ್ದ ವರ್ಷ ಅದು. ನಮ್ಮಿಬ್ಬರ ಕರಾರೂ ಒಟ್ಟಿಗೇ ಮುಗಿಯುವುದರಲ್ಲಿತ್ತು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ ಎಂಬ ಸುದ್ದಿ ಕಾರಿಡಾರಿನಲ್ಲಿ ಓಡಾಡುತ್ತಿತ್ತು. ತೀರ್ಮಾನ ಡೀನರದು. ಡೀನರಿಗೆ ಶನಿವಾರ ಬೆಳಗ್ಗೆ ಗಾಲ್ಫ್. ಅದುವರೆಗೆ ಕೇರಂ ಬೋರ್ಡನ್ನೂ ಮುಟ್ಟದ ಭಾವ, ಐವತ್ತೆರಡನೆಯ ವಯಸ್ಸಿನಲ್ಲಿ, ಯಾರೋ ಬಿಟ್ಟ ಗಾಲ್ಫ್ ಸೆಟ್ಟೊಂದನ್ನು ಮನೆಗೆ ತಂದರು. ಕಾರಣ ಕೇಳಬೇಕೇ? ನನ್ನ ಕುರ್ಚಿಯ ಮೇಲೆ ಅವರ ಕಣ್ಣು!

"ಆಫೀಸಿಗೇ ಹೋಗಿ ಮಾತಾಡಿದ್ರೆ ಆಗುದಿಲ್ವಾ?" ಎಂದು ಅಕ್ಕ ಕೇಳಿದಳು.

"ಅಲ್ಲಿ ಅವರು ಡೀನ್ ಮಾರಾಯ್ತಿ. ಹುಲ್ಲಿನ ಮೇಲೆ ಮಾತ್ರ ಮನುಷ್ಯ," ಎಂದರು ಭಾವ.

ಎಲ್ಲರೂ ಕೋಲೆತ್ತಿ ಬೀಸುತ್ತಾರೆ. ಭಾವನೂ ಹಾಗೆಯೇ ಬೀಸಿಬಿಟ್ಟರೆ ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ಬೆಲೆ ಏನು? ಅವರು ಮೊದಲು ಭುಜದ ಸ್ನಾಯುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಆಮೇಲೆ ಬೆನ್ನಿನವು, ಆಮೇಲೆ ಸೊಂಟದವು. ಹಾಜರಿ ಮುಗಿಯುವ ಹೊತ್ತಿಗೆ ಮೊದಲು ಬಂದವು ದಣಿದಿರುತ್ತಿದ್ದವು. ಅದೂ ಸಾಲದೆ ಒಂದು ಸಂಜೆ ವಿಭಾಗದ ಅಸ್ಥಿಪಂಜರದ ಸೊಂಟ ತಿರುಗಿಸಿ, ಕೈಗೆ ಕೊಡೆ ಕಟ್ಟಿ, ಸ್ವಿಂಗಿನ ಭಂಗಿಯಲ್ಲಿ ನಿಲ್ಲಿಸಿ ಅಧ್ಯಯನ ಮಾಡಿದರು. ಬಿಚ್ಚಲು ಮರೆತರು. ಮರುದಿನ ಮೌಖಿಕ ಪರೀಕ್ಷೆಗೆ ಬಂದ ವಿದ್ಯಾರ್ಥಿನಿ ಅದನ್ನು ಸುತ್ತು ಹಾಕಿ ನೋಡಿ, "ಸರ್, ಇವರಿಗೆ ಏನು ಕಾಯಿಲೆ ಇತ್ತು?" ಎಂದು ಕೇಳಿದಳು.

"ಗಾಲ್ಫ್," ಎಂದೆ. ಭಾವ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಸ್ವಿಂಗ್ ಹೇಗೂ ಇರಲಿ, ಆತ್ಮವಿಶ್ವಾಸ ಬೇಡವೇ? ಅದನ್ನು ಕೊಟ್ಟದ್ದು ಸಮುದ್ರದಾಚೆಯ ಸುಮಾತ್ರಾದ ಕಾಡ್ಗಿಚ್ಚು. ಎದುರಿನ ಬ್ಲಾಕ್ ಕಾಣದಂಥ ಹೊಗೆ ಕವಿಯಿತು. ಜನ ಮನೆಯೊಳಗೆ ಕಿಟಕಿ ಮುಚ್ಚಿ ಕುಳಿತರು. ಗಾಲ್ಫ್ ಅಭ್ಯಾಸದ ಬಯಲಿಗೆ ಹೋದವರು ನಾವಿಬ್ಬರೇ. ಒಂದು ಬುಟ್ಟಿ ಚೆಂಡು ಪಡೆದು, ಮಾಸ್ಕಿನೊಳಗಿಂದಲೇ ಸ್ನಾಯುಗಳ ಹಾಜರಿ ಕರೆದು, ಭಾವ ಬೀಸಿದರು. ಆ ದಿನ ಹೇಗೋ ಕೋಲಿಗೆ ತಾಗಿದ ಚೆಂಡು ಇಪ್ಪತ್ತು ಹೆಜ್ಜೆ ದಾಟಿ ಹೊಗೆಯಲ್ಲಿ ಕರಗಿತು.

"ಇನ್ನೂರು ಗಜ ಹೋಗಿರ್ಬೇಕಲ್ಲ?"

"ಕಡಿಮೆ ಅಂದ್ರೆ, ಭಾವ."

ಚೆಂಡು ಬಿದ್ದ ಶಬ್ದ ನನಗೆ ಕೇಳಿಸಿತ್ತು, ಬಹಳ ಹತ್ತಿರದಿಂದ. ಹೇಳಲಿಲ್ಲ. ಪೈಪೋಟಿಗೆ ನಿಂತವರ ತಪ್ಪು ತಿದ್ದಲು ನಾನೇನು ಸಂತನೇ? ಹೊಗೆ ಇದ್ದಷ್ಟು ವಾರವೂ ಕೋಲಿಗೆ ತಾಗಿದ ಪ್ರತಿಯೊಂದು ಚೆಂಡೂ ಇನ್ನೂರು ಗಜ ಹೋಯಿತು. ಭಾವನ ನಡಿಗೆಯೇ ಬದಲಾಯಿತು. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾ ಕುಡಿಯುತ್ತ ಪಕ್ಕದ ಮೇಜಿನವರಿಗೆ ಸ್ವಿಂಗ್ ತಿದ್ದತೊಡಗಿದರು. ಮಳೆ ಬಂದು ಹೊಗೆ ಹರಿದ ವಾರವೇ ಡೀನರ ಬಳಿ ಹೋಗಿ, ಶನಿವಾರದ ಆಟಕ್ಕೆ ತಾವೂ ಬರುವುದಾಗಿ ಹೇಳಿಬಂದರು.

"ಬ್ಯಾಗ್ ಹಿಡಿಲಿಕ್ಕೆ ನೀನು ಬಾ," ಎಂದರು ನನಗೆ. ಇಂಥದ್ದನ್ನು ನೋಡದೆ ಬಿಡುವುದುಂಟೆ? ಹೋದೆ.

ಅಂದು ಆಕಾಶ ಅನ್ಯಾಯವೆನಿಸುವಷ್ಟು ಸ್ವಚ್ಛವಾಗಿತ್ತು. ಹಾಜರಿ ಕರೆದು ಭಾವ ಬೀಸಿದರು. ಚೆಂಡು ಇದ್ದಲ್ಲೇ ಇತ್ತು. ಮತ್ತೆ ಬೀಸಿದರು, ಹುಲ್ಲು ಹಾರಿತು. ಮೂರನೆಯ ಸಲ ಅವರ ಟೋಪಿಯೇ ಹಾರಿ ಡೀನರ ಕಾಲಬಳಿ ಬಿತ್ತು. ಜೊತೆಯ ಆಟಗಾರರು ಆಚೆ ತಿರುಗಿ ಕೆಮ್ಮಿದರು. ನಾನು ಕೆಮ್ಮುವ ಗೋಜಿಗೆ ಹೋಗದೆ ನಕ್ಕೆ.

"ನಿಧಾನ ಲಾ, ಡಾಕ್ಟರ್," ಎಂದರು ಡೀನ್, ಅಲ್ಲಿಯವರ ಮಾತಿಗೆ ಅಂಟಿಕೊಂಡೇ ಇರುವ ಆ 'ಲಾ' ಸೇರಿಸಿ.

ಭಾವ ಕೋಲನ್ನು ನೆಲಕ್ಕೆ ಊರಿದರು. ಅವರು ಇಂಗ್ಲಿಷಿನಲ್ಲಿ ಆಡಿದ ಮಾತನ್ನು ಒಂದೂ ಬಿಡದೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸರ್, ನನಗೆ ಈ ಆಟ ಬರುವುದಿಲ್ಲ. ನಿಮ್ಮ ಹತ್ತಿರ ಒಂದು ಮಾತು ಹೇಳಬೇಕಿತ್ತು, ಅದಕ್ಕೇ ಕಲಿತೆ. ಒಬ್ಬರನ್ನೇ ಇಟ್ಟುಕೊಳ್ಳುವುದಾದರೆ ಇವನನ್ನು ಇಟ್ಟುಕೊಳ್ಳಿ. ನನಗಿಂತ ಚೆನ್ನಾಗಿ ಪಾಠ ಮಾಡುತ್ತಾನೆ. ಇವನ ಮಗು ಇನ್ನೂ ಚಿಕ್ಕದು."

ಡೀನ್ ಬಗ್ಗಿ ಟೋಪಿ ಹೆಕ್ಕಿ, ಹುಲ್ಲು ಕೊಡವಿ, ಭಾವನ ಕೈಗೆ ಕೊಟ್ಟರು. ನಾನು ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ. ಹೆಗಲಿಗೆ ಏರಿಸಲು ಆಗಲಿಲ್ಲ.

ಎರಡು ತಿಂಗಳ ಬಳಿಕ ಬಂದ, ಕರಾರು ಮುಂದುವರಿಸುವ ಪತ್ರದಲ್ಲಿ ನನ್ನ ಹೆಸರಿತ್ತು. ಭಾವ ಅದನ್ನು ಎರಡು ಸಲ ಓದಿ, ಮಡಚಿ, ನನ್ನ ಕಿಸೆಗೆ ತುರುಕಿದರು.

"ನೋಡಿದ್ಯಾ? ಗಾಲ್ಫ್ ಕಲಿತದ್ದು ದಂಡ ಆಗ್ಲಿಲ್ಲ ಮಾರಾಯ."